ಹಸುಳೆಯ ಹೃದಯವೂ ಗಡಿಯ ಪ್ರಶ್ನೆಯೂ

ಗಡಿನಾಡ ಬಂಧುಗಳೇ, 1956ರ ರಾಜ್ಯ ವಿಂಗಡಣೆಯಲ್ಲಿ ಅಂದಿನ ಸೇಲಂ ಜಿಲ್ಲೆಯ ಕನ್ನಡ ಹಳ್ಳಿಗಳು, ಇಂದಿನ ಧರ್ಮಪುರಿಯವೂ ಸೇರಿ, ಮದರಾಸು ರಾಜ್ಯದಲ್ಲಿಯೇ ಉಳಿದವು. ನ್ಯಾಯಕ್ಕಾಗಿ ನಮ್ಮ ಕೂಗು ನಿಲ್ಲದು. ಆದರೆ ರೋಗಪೀಡಿತ ಹಸುಳೆಯು ಗಡಿಯ ತೀರ್ಮಾನಕ್ಕಾಗಿ ಕಾಯಲಾರದು.

ಜನಿಸುವ ಸಾವಿರ ಶಿಶುಗಳಲ್ಲಿ ಸುಮಾರು 8ಕ್ಕೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಮೊಲೆಯುಣ್ಣುವಾಗ ಬೆವರುವ, ಏದುಸಿರು ಬಿಡುವ, ತುಟಿ ನೀಲಿಗಟ್ಟುವ ಕೂಸನ್ನು, ದೃಷ್ಟಿ ತಗುಲಿತೆಂದು ಕಾಲ ಕಳೆಯದೆ, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. 1953ರಲ್ಲಿ ಸ್ವೀಡನ್ ದೇಶದ ಎಡ್ಲರ್, ಹರ್ಟ್ಸ್ ಎಂಬವರು ಆರಂಭಿಸಿದ ಎಕೋ ಪರೀಕ್ಷೆಯು ಧ್ವನಿತರಂಗಗಳಿಂದ ಹೃದಯದ ಚಲನೆಯನ್ನು ತೋರಿಸುತ್ತದೆ, ಗಾಯವಿಲ್ಲ, ನೋವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಗೂ ಮಕ್ಕಳನ್ನು ತಪ್ಪದೆ ಕಳುಹಿಸಿರಿ.

ಈ ರೋಗಲಕ್ಷಣಗಳನ್ನು ನಮ್ಮ ತಾಯಂದಿರಿಗೆ ಕನ್ನಡದಲ್ಲಿಯೇ ತಿಳಿಸಬೇಕೆಂಬುದು ತಮಿಳುನಾಡು ಸರ್ಕಾರಕ್ಕೆ ನಮ್ಮ ಆಗ್ರಹ. ತಾಯಿ ಅರಿಯದ ನುಡಿಯಲ್ಲಿ ಬರೆದ ಎಚ್ಚರಿಕೆಯು ಕೂಸನ್ನು ಉಳಿಸದು.