ಹರಡುವ ದ್ರವದ ಪರೀಕ್ಷೆ ಒದ್ದೆ ಕೊನೆಯ ಮೇಲಾಗಲಿ

ಬೋರ್ಡೋ ದ್ರಾವಣಕ್ಕೆ ಬೆರೆಸುವ, ಮದ್ದನ್ನು ಹರಡಿಸುವ ದ್ರವದ ಬಾಟಲಿಗಳನ್ನು ನಮ್ಮ ಸಂಘವು ತರಿಸಿ ಮಾರಬೇಕೆಂದು ಕೆಲವು ಸದಸ್ಯ ಬಾಂಧವರು ಸೂಚಿಸಿದ್ದಾರೆ. ಇದಕ್ಕೆ ನನ್ನ ವಿರೋಧವಿಲ್ಲ. ಆದರೆ ಕೊಳ್ಳುವ ಮುನ್ನ ಒಂದು ಪರೀಕ್ಷೆ ಆಗಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಬೇಸಿಗೆಯಲ್ಲಿ ನಮ್ಮೂರಿಗೆ ಬಂದ ಮಾರಾಟಗಾರರೊಬ್ಬರು ಕೆಸುವಿನೆಲೆಯ ಮೇಲೆ ಬರಿ ನೀರು ಹಾಕಿದರು. ಮುತ್ತಿನಂತೆ ಉರುಳಿ ಹೋಯಿತು. ತಮ್ಮ ದ್ರವ ಬೆರೆಸಿದ ನೀರು ಹಾಕಿದರು, ಎಲೆಗೆ ಮೆತ್ತಿಕೊಂಡಿತು. ಬೆರಗಾಗಿ ನಾನೂ ಎರಡು ಬಾಟಲಿ ಕೊಂಡೆ. ಆಷಾಢದಲ್ಲಿ ಮಳೆ ಹೊಳವಾದಾಗ ಎರಡನೆಯ ಸಲದ ಮದ್ದಿಗೆ ಧಾರಾಳವಾಗಿಯೇ ಬೆರೆಸಿದೆ. ಕೊನೆಯಿಂದ ನೀಲಿ ನೀರು ತೊಟ್ಟಿಕ್ಕಿದ್ದೇ ಬಂತು, ಕೊಳೆ ನಿಲ್ಲಲಿಲ್ಲ. ತಪ್ಪೆಲ್ಲ ಬಾಟಲಿಯದೇ ಎನ್ನಲಾರೆ. ಸಂಜೆಗೇ ಮಳೆ ಹಿಡಿದಿತ್ತು.

ಆದರೂ ಯೋಚಿಸಬೇಕಾದ ವಿಷಯವಿದೆ. ಮುಂಗಾರಿಗೆ ಮೊದಲು ಹೊಡೆಯುವ ಮದ್ದು ಒಣಕಾಯಿಯ ಮೇಲೆ ಬೀಳುತ್ತದೆ. ನಲವತ್ತು ನಲವತ್ತೈದು ದಿನಗಳ ನಂತರದ್ದು ಬೀಳುವುದು ಕಾಯಿಯ ಮೇಲಲ್ಲ, ಕಾಯಿಗೆ ಅಂಟಿರುವ ನೀರಿನ ತೆಳುಪೊರೆಯ ಮೇಲೆ. ಇವೆರಡೂ ಬೇರೆ ಬೇರೆ ಸಂಗತಿಗಳು.

ಅಡಿಗೆಮನೆಯಲ್ಲೇ ನೋಡಬಹುದು. ತಟ್ಟೆಯಲ್ಲಿ ನೀರು ಹಾಕಿ ಮೆಣಸಿನಪುಡಿ ಉದುರಿಸಿ, ನಡುವೆ ಒಂದು ತೊಟ್ಟು ಸೋಪಿನ ನೀರು ಬಿಡಿ. ಪುಡಿ ಥಟ್ಟನೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈ ಬಿಗಿದ ಚರ್ಮದಂತೆ. ಸೋಪು ಬಿದ್ದಲ್ಲಿ ಆ ಬಿಗಿತ ಅರ್ಧದಷ್ಟಾಗುತ್ತದೆ, ಸುತ್ತಲಿನ ಬಿಗಿಯಾದ ನೀರು ಅದನ್ನು ತನ್ನತ್ತ ಎಳೆಯುತ್ತದೆ. ಇಟಲಿಯ ಮಾರಂಗೋನಿ ಎಂಬವರು 1865ರಲ್ಲೇ ಇದನ್ನು ವಿವರಿಸಿದ್ದರು. ಈಗ ನೀರನ್ನು ಚೆಲ್ಲಿ, ತಳ ಒದ್ದೆಯಾಗಿರುವಷ್ಟೇ ಉಳಿಸಿ ಮತ್ತೆ ತೊಟ್ಟು ಬಿಡಿ. ಓಡುವ ಮೇಲ್ಪದರ ಕೆಳಗಿನ ನೀರನ್ನೂ ಎಳೆದೊಯ್ದು ಸುತ್ತ ಬದುವಿನಂತೆ ಒಟ್ಟುತ್ತದೆ. ನಡುಭಾಗ ತೆಳುವಾಗಿ ಒಮ್ಮೊಮ್ಮೆ ತಟ್ಟೆಯೇ ಕಾಣುತ್ತದೆ. ಸಮತಟ್ಟಾದ ತಟ್ಟೆಯಲ್ಲಿ ಆ ಬದು ಅಲ್ಲೇ ನಿಂತೀತು. ಇಳಿಬಿದ್ದ ಕೊನೆಯಲ್ಲಿ ಅದಕ್ಕೆ ದಾರಿ ಕೆಳಗೇ. ಅದರ ಜೊತೆ ಮೈಲುತುತ್ತವೂ ಹೋಗುತ್ತದೆ.

ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ಹೇಳಿಕೊಟ್ಟ ಮೇಲೆ, ನಮ್ಮ ಹಿರಿಯರು ರಾಳವನ್ನು ಸೋಡಾದಲ್ಲಿ ಕುದಿಸಿ ಬೆರೆಸುತ್ತಿದ್ದರು. ಸುಣ್ಣದೊಡನೆ ಅದು ನೀರಿಗೆ ಕರಗದ ಅಂಟಾಗುತ್ತದೆ. ಹರಡುವುದು ಬೇರೆ, ಅಂಟುವುದು ಬೇರೆ. ಮಳೆಗಾಲದಲ್ಲಿ ನಮಗೆ ಹೆಚ್ಚು ಬೇಕಾದದ್ದು ಎರಡನೆಯದು. ಕೆಲವರು ಬಟ್ಟೆ ಒಗೆಯುವ ಬಾರ್ ಸೋಪನ್ನೇ ಕರಗಿಸಿ ಸುರಿಯುವುದನ್ನು ಕಂಡಿದ್ದೇನೆ. ಸುಣ್ಣಕ್ಕೆ ಸೇರಿದರೆ ಅದು ಒಡೆದ ಹಾಲಿನಂತೆ ಗಟ್ಟಿಕಟ್ಟಿ ಪಂಪಿನ ನಳಿಗೆಯನ್ನೇ ಕಟ್ಟುತ್ತದೆ.

ಕಾಫಿಯವರ ಮಾತು ಸ್ವಲ್ಪ ಬೇರೆ. ಎಲೆತುಕ್ಕು ಎಲೆಯ ಅಡಿಭಾಗದಿಂದ ಒಳಹೊಗುವುದರಿಂದ, ಒಣಹವೆಯಲ್ಲಿ ಅಲ್ಲಿಗೆ ಮದ್ದು ಹೊಡೆಯುವಾಗ ಹದವಾಗಿ ಬೆರೆಸಿದ ಹರಡುವ ದ್ರವ ಉಪಕಾರಿ. ಅವರಿಗಾಗಿ ತರಿಸುವುದಾದರೆ ನನ್ನ ತಕರಾರಿಲ್ಲ.

ಅಡಿಕೆಗೆಂದು ತರಿಸುವುದಾದರೆ, ಮಾರಾಟಗಾರರನ್ನು ಬೇಸಿಗೆಯಲ್ಲಿ ಕರೆಯದೆ ಜುಲೈ ತಿಂಗಳಲ್ಲಿ ತೋಟಕ್ಕೇ ಕರೆಯೋಣ. ಒಂದೇ ಸಾಲಿನ ಹತ್ತು ಮರಕ್ಕೆ ಬರಿ ಬೋರ್ಡೋ, ಹತ್ತಕ್ಕೆ ರಾಳ ಬೆರೆಸಿದ್ದು, ಹತ್ತಕ್ಕೆ ಅವರ ದ್ರವ ಬೆರೆಸಿದ್ದು, ಒಂದೇ ದಿನ, ಒಬ್ಬರೇ ಕೊನೆಗಾರರ ಕೈಯಲ್ಲಿ ಹೊಡೆಸೋಣ. ಹದಿನೈದು ದಿನ ಮಳೆ ಹೊಯ್ದ ಮೇಲೆ ಉದುರಿದ ಕಾಯಿ ಎಣಿಸೋಣ. ಮರಗಳನ್ನು ನಾನೇ ಕೊಡುತ್ತೇನೆ. ಕೊನೆಗಾರರ ಕೂಲಿಯನ್ನು ಸಂಘ ಭರಿಸಲಿ.