ಸತ್ತವರ ಬ್ಯಾಕಪ್ ಯಾರ ಹತ್ರ ಇದೆ?

ಮೊನ್ನೆ ಹೊಸೂರು ರಸ್ತೆಯ ಸ್ಮಶಾನದ ಗೋಡೆ ಪಕ್ಕ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ವಿ. ಜೊತೆಗಿದ್ದ ಸಹೋದ್ಯೋಗಿ ಅಂದ, “ಎಂಥಾ ಪ್ರೈಮ್ ಜಾಗ ಮಗಾ, ಹೆಣಗಳಿಗೆ ಬಿಟ್ಟಿದ್ದಾರೆ. ಮಲ್ಟಿಲೆವೆಲ್ ಪಾರ್ಕಿಂಗ್ ಆದ್ರೂ ಕಟ್ಬೋದಿತ್ತು.” ನಕ್ಕು ಸುಮ್ಮನಾದೆ. ಸುಮ್ಮನಾಗಬಾರದಿತ್ತು. ಅವತ್ತು ಕೊಡಬೇಕಿದ್ದ ಉತ್ತರ ಇಲ್ಲಿದೆ.

ಅದೇ ರಸ್ತೆಯ ಮೆಥೋಡಿಸ್ಟ್ ಸ್ಮಶಾನದಲ್ಲಿ ಜಿ.ಎಚ್. ಕೃಂಬಿಗಲ್ ಮಲಗಿದ್ದಾರೆ. ಜರ್ಮನಿಯವರು. 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಒಂದು ಜಾತಿಯ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಜಾತಿಯ ಮರ ಹೂ ಬಿಡೋ ಹಾಗೆ ಈ ಊರಿನ ಸಾಲುಮರಗಳ ಲೆಕ್ಕ ಹಾಕಿದವರು. 1956ರಲ್ಲಿ ಇಲ್ಲೇ ಮಣ್ಣಾದರು. ಪ್ರತಿ ವರ್ಷ ಗುಲಾಬಿ ಬಣ್ಣದ ಮರದ ಕೆಳಗೆ ಸೆಲ್ಫಿ ಹೊಡ್ಕೊಳ್ಳೋ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ನಮ್ಮೂರಲ್ಲಿ ಅಜ್ಜನ ಸಮಾಧಿ ಹೊಲದ ಬದುವಿನಲ್ಲಿದೆ. ಉಳುವಾಗ ಟ್ರ್ಯಾಕ್ಟರ್ ಸುತ್ತು ಹಾಕ್ಕೊಂಡು ಹೋಗುತ್ತೆ. ಯಾರೂ ಅದನ್ನ ಖಾಲಿ ಜಾಗ ಅನ್ನಲ್ಲ. ಹಾಗಂತ ಊರನ್ನ ಹೊಗಳ್ತಾ ಕೂರಲ್ಲ. ಹೊಲ ಇಲ್ಲದವನಿಗೆ ಊರಲ್ಲೂ ಮೂರಡಿ ಆರಡಿ ಸಿಗೋದು ಕಷ್ಟ, ಅದರಲ್ಲೂ ಜಾತಿ ನೋಡ್ತಾರೆ. ಪಟ್ಟಣ ಸೇರಿದ ನಮಗ್ಯಾರಿಗೂ ಹೊಲ ಇಲ್ಲ. ನಮ್ಮ ಪಾಲಿನ ಬದು ಅಂದ್ರೆ ಈ ಸಾರ್ವಜನಿಕ ಸ್ಮಶಾನವೇ.

ಬೆಂಗಳೂರು ಅನ್ನೋ ಹೆಸರು ಸಿಗೋ ತೀರಾ ಹಳೇ ದಾಖಲೆ ಬೇಗೂರಿನ ಒಂದು ಕಲ್ಲು, ಸುಮಾರು ಕ್ರಿ.ಶ. 890ರದ್ದು. ಅದೇನು ದಾನಪತ್ರವಲ್ಲ. ಕಾಳಗದಲ್ಲಿ ಸತ್ತವನಿಗೆ ನಿಲ್ಲಿಸಿದ ವೀರಗಲ್ಲು. ಸತ್ತವನ ಹೆಸರನ್ನ ಯಾರೋ ಕಲ್ಲಿನಲ್ಲಿ ಕೆತ್ತಿದ್ದಕ್ಕೇ ನಮ್ಮ ಊರಿನ ಹೆಸರಿನ ವಯಸ್ಸು ನಮಗೆ ಗೊತ್ತಾಗಿದ್ದು.

ಕಲ್ಲು ಒಡೆದಿದ್ದೂ ನಾವೇ. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ಸ್ಮಾರಕ ಕಾರ್ಪೊರೇಷನ್ ಕಚೇರಿ ಎದುರಿಗಿತ್ತು. ಇವತ್ತಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು. 1964ರಲ್ಲಿ ಕೆಡವಿದರು. ಆ ಸಿಟ್ಟು ನನಗೂ ಅರ್ಥವಾಗುತ್ತೆ, ಮುತ್ತಿಗೆ ಹಾಕಿದವರ ಕಂಬ ಊರ ನಡುವೆ ಯಾಕಿರಬೇಕು? ಆದ್ರೆ ಎತ್ತಿ ಮ್ಯೂಸಿಯಂನಲ್ಲಿ ಇಡಬಹುದಿತ್ತಲ್ಲ ಸ್ವಾಮಿ! ಒಡೆದು ನಾವು ಗೆದ್ದಿದ್ದಾದರೂ ಏನು? ಆ ಕಾಳಗದ ಕಥೆ ಓದೋಕೆ ಇವತ್ತಿಗೂ ಹೆಚ್ಚಾಗಿ ಅವರೇ ಬರೆದ ಪುಸ್ತಕ ತೆಗೀಬೇಕು.

ಅವರು ಬರೆದಿಟ್ಕೊಳ್ತಾರೆ. ದಕ್ಷಿಣ ಏಷ್ಯಾದ ತಮ್ಮವರ ಗೋರಿಗಳ ಲೆಕ್ಕ ಇಡೋಕೆ 1976ರಲ್ಲೇ ಲಂಡನ್ನಲ್ಲಿ ಸಂಘ ಕಟ್ಟಿದರು. ಸಾಹೇಬರ ಗೋರಿ ಅವರ ಪಟ್ಟಿಯಲ್ಲಿರುತ್ತೆ. ಸಾಹೇಬರ ಮನೇಲಿ ಅಡುಗೆ ಮಾಡಿದವನದ್ದು, ದಂಡಿನಲ್ಲಿ ಬಟ್ಟೆ ಒಗೆದವಳದ್ದು, ತಮಿಳಲ್ಲೋ ತೆಲುಗಲ್ಲೋ ಕನ್ನಡದಲ್ಲೋ ಕೆತ್ತಿಸಿದ ಸಣ್ಣ ಕಲ್ಲು ಯಾರ ಪಟ್ಟಿಯಲ್ಲಿದೆ?

“ಬದುಕಿರೋರಿಗೇ ಜಾಗ ಇಲ್ಲ” ಅಂತೀರಾ. ಒಪ್ಪಿದೆ. ಸತ್ತವರಿಗೂ ಇಲ್ಲ. ಹಳೇ ಗುಂಡಿಯಲ್ಲೇ ಹೊಸಬರನ್ನ ಹೂಳೋ ಕಾಲ ಇದು. ಹೂಳಲಿ, ತಕರಾರಿಲ್ಲ. ಆದ್ರೆ ಕಲ್ಲು ಕೀಳೋ ಮುಂಚೆ ಒಂದು ಫೋಟೋ, ಹೆಸರು, ತಾರೀಕು, ಯಾವ ಸಾಲು ಅಂತ ಒಂದು ರಿಜಿಸ್ಟರ್. ಇಷ್ಟೇ ಕೇಳ್ತಿರೋದು. ನಮ್ಮ ಆಫೀಸಲ್ಲಿ ಬ್ಯಾಕಪ್ ತಗೊಳ್ದೆ ಒಂದು ಟೇಬಲ್ ಡಿಲೀಟ್ ಮಾಡಿದ್ರೆ ಸಂಜೆಯೊಳಗೆ ಮ್ಯಾನೇಜರ್ ಮುಂದೆ ನಿಂತಿರ್ತೀವಿ. ಇಲ್ಲಿ ಊರಿಗೆ ಊರೇ ಡಿಲೀಟ್ ಆಗ್ತಿದೆ, ಕೇಳೋರಿಲ್ಲ.

ಮಗಾ, ಮೂವತ್ತು ವರ್ಷದ ಇಎಂಐ ಕಟ್ಟಿ ಆಕಾಶದಲ್ಲಿ ಫ್ಲ್ಯಾಟ್ ತಗೊಂಡಿದ್ದೀವಿ. ನೆಲದಲ್ಲಿ ನಮ್ಮದು ಅಂತ ಏನೂ ಇಲ್ಲ. ಪಾರ್ಕಿಂಗ್ ಕಟ್ಟಿಸೋ ಮುಂಚೆ ಅದೊಂದು ಯೋಚನೆ ಮಾಡು.