ಮಾಜಿ ಸೈನಿಕರಿಗೆ ಪೇಟೆಯ ಪರಿಚಯ: ವರ್ತಕರು ಮಾಡಬೇಕಾದುದು

ಬ್ಯಾಡಗಿಯ ಶೀತಲಗೃಹವಾಗಲಿ, ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕವಾಗಲಿ, ಹಾವೇರಿಯ ಬ್ಯಾಂಕಾಗಲಿ, ಮಾಜಿ ಸೈನಿಕನೆಂದೊಡನೆ ಮಾಲೀಕರಿಗೆ ನೆನಪಾಗುವುದು ಬಾಗಿಲ ಕಾವಲಿನ ಕೆಲಸ. ಕಾವಲು ಗೌರವದ ಉದ್ಯೋಗವೇ ಸರಿ. ಆದರೆ ಹದಿನೇಳು ವರ್ಷ ಸೇನೆಯ ಉಗ್ರಾಣದ ಲೆಕ್ಕವಿಟ್ಟ ಹವಾಲ್ದಾರನನ್ನು ಉಗ್ರಾಣದ ಹೊರಗೆ ನಿಲ್ಲಿಸಿ, ಒಳಗಿನ ಲೆಕ್ಕಕ್ಕೆ ನಂಬಿಗಸ್ಥರು ಸಿಗುವುದಿಲ್ಲವೆಂದು ಉದ್ದಿಮೆದಾರರು ದೂರುವುದು ವಿಚಿತ್ರವೆನಿಸುತ್ತದೆ.

ಜವಾನನ ನಿವೃತ್ತಿ ಸರಕಾರಿ ನೌಕರನ ನಿವೃತ್ತಿಯಂತಲ್ಲ. ಹದಿನೈದು ವರ್ಷಗಳ ಸೇವೆಗೆ ಪಿಂಚಣಿಯ ಅರ್ಹತೆ ದೊರೆಯುವುದರಿಂದ ಅನೇಕರು ನಲವತ್ತು ತುಂಬುವ ಮೊದಲೇ ಊರಿಗೆ ಮರಳುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಮುಂದೆ ದುಡಿಯುವ ಇಪ್ಪತ್ತು ವರ್ಷಗಳು ಉಳಿದಿರುತ್ತವೆ. ಪಿಂಚಣಿಯ ಅರ್ಧದವರೆಗಿನ ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯಲು ಅವಕಾಶವಿರುವುದರಿಂದ ಕೈಯಲ್ಲಿ ಒಂದಿಷ್ಟು ದೊಡ್ಡ ಮೊತ್ತವೂ ಇರುತ್ತದೆ. ಆ ಮೊತ್ತ ಮನೆ ಕಟ್ಟುವುದಕ್ಕೋ, ಬಾಡಿಗೆ ಸಿಗದ ಟ್ರ್ಯಾಕ್ಟರಿಗೋ, ಓಣಿಯಲ್ಲಿ ಈಗಾಗಲೇ ನಾಲ್ಕಿರುವ ಕಿರಾಣಿ ಅಂಗಡಿಗಳ ಜೊತೆಗೆ ಐದನೆಯದಕ್ಕೋ, ಇಲ್ಲವೇ ಸಂಬಂಧಿಕರ ಕೈಗಡಕ್ಕೋ ಕರಗುವುದನ್ನು ಈ ಭಾಗದ ಜನರು ಕಾಣದೆ ಇಲ್ಲ. ಅಂಥವನಲ್ಲಿ ಧೈರ್ಯಕ್ಕಾಗಲಿ ಶಿಸ್ತಿಗಾಗಲಿ ಕೊರತೆಯಿರುವುದಿಲ್ಲ. ಸ್ವಂತ ಊರಿನ ಪೇಟೆಗೆ ಅವನು ಅಪರಿಚಿತ, ಕೊರತೆ ಅದೊಂದೇ.

ಅಧಿಕಾರಿಗಳ ಸ್ಥಿತಿ ಸ್ವಲ್ಪ ಉತ್ತಮವಾಗಿದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ಅವರಿಗಾಗಿ ಐಐಎಂಗಳಲ್ಲಿ ಸುಮಾರು ಆರು ತಿಂಗಳ ನಿರ್ವಹಣಾ ಶಿಕ್ಷಣವನ್ನು ಪ್ರಾಯೋಜಿಸುತ್ತ ಬಂದಿದೆ. ಅಲ್ಲಿ ಪಾಠದಷ್ಟೇ ಬೆಲೆ ಪರಿಚಯಗಳಿಗೂ ಉಂಟು. ಅಮೆರಿಕದಲ್ಲಿ 1944ರ ಕಾನೂನಿನಿಂದಾಗಿ ಲಕ್ಷಾಂತರ ಮಾಜಿ ಸೈನಿಕರು ಕಾಲೇಜು ಮೆಟ್ಟಿಲು ಹತ್ತಿದರು. ಇಂದು ಅಲ್ಲಿನ ಪ್ರಮುಖ ವಾಣಿಜ್ಯ ಶಾಲೆಗಳಲ್ಲಿ ಮಾಜಿ ಸೈನಿಕ ವಿದ್ಯಾರ್ಥಿಗಳ ಸಂಘಗಳಿದ್ದು, ಮೊದಲು ಕಲಿತು ಹೋದವರು ನಂತರದವರನ್ನು ಕಂಪನಿಗಳಿಗೆ ಪರಿಚಯಿಸುತ್ತಾರೆ. ಕರ್ನಾಟಕದಲ್ಲಿಯೇ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಉದಾಹರಣೆಯಿದೆ. 1971ರ ಯುದ್ಧದಲ್ಲಿ ಪಾಲ್ಗೊಂಡು, ಎಂಟು ವರ್ಷಗಳ ಸೇವೆಯ ನಂತರ ಸೇನೆ ತೊರೆದ ಅವರು ಹಾಸನ ಜಿಲ್ಲೆಯ ಜಾವಗಲ್ ಬಳಿ ಬೇಸಾಯ, ರೇಷ್ಮೆ ಕೃಷಿ ಮಾಡಿದರು. ಮುಂದೆ ಹೆಲಿಕಾಪ್ಟರ್ ಕಂಪನಿ ಕಟ್ಟುವಾಗ ಅವರ ಜೊತೆಗಿದ್ದವರು ಸೇನೆಯ ಒಡನಾಡಿ ಕ್ಯಾಪ್ಟನ್ ಸ್ಯಾಮ್ಯುಯೆಲ್. 2003ರಲ್ಲಿ ಹಾರಾಟ ಆರಂಭಿಸಿದ ಏರ್ ಡೆಕ್ಕನ್‌ನ ಆರಂಭದ ಮಾರ್ಗಗಳಲ್ಲಿ ಹುಬ್ಬಳ್ಳಿ–ಬೆಂಗಳೂರು ಒಂದಾಗಿತ್ತೆಂಬುದನ್ನು ಈ ಭಾಗದ ವರ್ತಕರು ಮರೆತಿರಲಾರರು. ಆದರೆ ಹಿರೇಕೆರೂರಿನ ಜವಾನನಿಗೆ ಐಐಎಂ ದೂರ, ಗೋಪಿನಾಥ್ ಅವರ ಸಾಹಸ ಇನ್ನೂ ದೂರ. ಅವನಿಗೆ ಹತ್ತಿರವಿರುವ ವಾಣಿಜ್ಯ ಶಾಲೆಯೆಂದರೆ ಮಾರುಕಟ್ಟೆಯ ಪ್ರಾಂಗಣವೇ.

ಆ ಶಾಲೆಯ ಪಾಠಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಡಬ್ಬಿ ಯಾವುದು, ಕಡ್ಡಿ ಯಾವುದು, ರಾಶಿಯಲ್ಲಿ ಗುಂಟೂರು ತಳಿಯ ಕಾಯಿ ಎಷ್ಟು ಬೆರೆತಿದೆ, ಕೈಯಲ್ಲಿ ಹಿಡಿದ ಕಾಯಿಯಲ್ಲಿ ತೇವ ಎಷ್ಟಿದೆ, ಬಣ್ಣ ತೆಗೆಯುವ ಕಾರ್ಖಾನೆಯವರು ಯಾವ ಮಾಲಿಗೆ ಹೆಚ್ಚು ಬರೆಯುತ್ತಾರೆ, ಮಸಾಲೆಯವರು ಯಾವುದನ್ನು ಬೇಡವೆನ್ನುತ್ತಾರೆ, ಇವೆಲ್ಲ ಸೋಮವಾರ ಮತ್ತು ಗುರುವಾರದ ಟೆಂಡರುಗಳಲ್ಲಿ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತವನಿಗೆ ಮಾತ್ರ ತಿಳಿಯುವ ಸಂಗತಿಗಳು. ಯಾರಿಗೆ ಎಷ್ಟು ದಿನದ ಉದ್ರಿ ಕೊಡಬಹುದು, ಯಾರ ಮಾತು ಚೆಕ್ಕಿಗಿಂತ ಗಟ್ಟಿ ಎಂಬುದಂತೂ ಕೀರ್ದಿ ಪುಸ್ತಕದಲ್ಲಿಯೂ ಸಿಗದ ವಿಷಯ. ಇಷ್ಟು ತಿಳಿಯದೆ ಮಾಲು ಹಿಡಿದಿಡುವುದು ಜೂಜಿಗೆ ಸಮಾನ. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದವರು ಬ್ಯಾಡಗಿಯಲ್ಲಿ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟ ದಿನವನ್ನು ನೆನೆದರೆ, ಈ ಪೇಟೆಯಲ್ಲಿ ದರ ಎಷ್ಟು ನಿರ್ದಯವಾಗಿ ತಿರುಗಬಲ್ಲುದೆಂಬುದು ಅರಿವಾಗುತ್ತದೆ. ತಲೆಮಾರುಗಳಿಂದ ವ್ಯಾಪಾರ ಮಾಡಿದವರೇ ಪೆಟ್ಟು ತಿನ್ನುವಲ್ಲಿ ಪಿಂಚಣಿಯ ಗಂಟನ್ನು ಹಿಡಿದು ಬಂದ ಹೊಸಬನ ಗತಿಯೇನು?

ಇನ್ನೊಂದು ಮಗ್ಗುಲನ್ನೂ ನೋಡಬೇಕು. ರಾಣೆಬೆನ್ನೂರಿನ ಬೀಜೋದ್ಯಮ ನಿಂತಿರುವುದು ಲಾಟ್ ಸಂಖ್ಯೆಯ ಮೇಲೆ. ಯಾವ ರೈತನ ಹೊಲದ ಬೀಜ, ಯಾವ ದಿನ ಒಣಗಿತು, ಮೊಳಕೆ ಪರೀಕ್ಷೆಯಲ್ಲಿ ಏನು ಬಂತು ಎಂಬ ದಾಖಲೆ ಒಂದು ಚೀಲದಲ್ಲಿ ತಪ್ಪಿದರೂ ಮರುವರ್ಷ ಪರಿಹಾರದ ಮೊಕದ್ದಮೆ ಬಾಗಿಲಿಗೆ ಬರುತ್ತದೆ. ಸೇನೆಯ ಆರ್ಡ್‌ನನ್ಸ್ ಉಗ್ರಾಣದಲ್ಲಿ ಬಿಡಿಭಾಗಗಳ ಲೆಕ್ಕವಿಟ್ಟವನಿಗೆ, ಸರಬರಾಜು ದಳದಲ್ಲಿ ಲಾರಿಗಳ ಸಾಲನ್ನು ವೇಳೆಗೆ ಸರಿಯಾಗಿ ನಡೆಸಿದವನಿಗೆ, ಜನರೇಟರ್ ದುರಸ್ತಿ ಕಲಿತ ಮೆಕ್ಯಾನಿಕನಿಗೆ ಈ ಕೆಲಸಗಳು ಹೊಸವಲ್ಲ. ಹಾವೇರಿಯ ಏಲಕ್ಕಿ ಹಾರದಂಥ ಕಸುಬು ಕೆಲವು ಮನೆತನಗಳ ಕೈಗುಣ. ಅದನ್ನು ಹೊರಗಿನವನು ಕಲಿಯಲಾರ. ಆದರೆ ಗೋವಿನಜೋಳದ ಖರೀದಿ, ಗೋದಾಮು, ಸಾಗಾಣಿಕೆ ಅಂಥವಲ್ಲ. ಮಕ್ಕಳು ಬೆಂಗಳೂರು ಸೇರಿ, ಅಂಗಡಿಯನ್ನು ಯಾರ ಕೈಗೆ ಒಪ್ಪಿಸುವುದೆಂಬ ಚಿಂತೆಯಲ್ಲಿರುವ ಹಿರಿಯ ವರ್ತಕರು ಈ ಮೂರೂ ಊರುಗಳಲ್ಲಿದ್ದಾರೆ.

ಆದುದರಿಂದ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಸೈನಿಕನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆಯುಂಟು. ನಿವೃತ್ತಿಗೆ ಎರಡು ವರ್ಷವಿರುವಾಗಲೇ ಆ ರಜೆಯ ಒಂದು ಭಾಗವನ್ನು ಹಂಗಾಮಿನಲ್ಲಿ ಪಡೆದು ಬಂದವನಿಗೆ, ದಲಾಲಿ ಅಂಗಡಿ, ಶೀತಲಗೃಹ, ಬೀಜ ಘಟಕಗಳಲ್ಲಿ ಕುಳಿತು ನೋಡಲು ಅವಕಾಶ ಕೊಡುವ ಸದಸ್ಯರ ಪಟ್ಟಿಯೊಂದನ್ನು ವಾಣಿಜ್ಯೋದ್ಯಮ ಸಂಸ್ಥೆಗಳು ಸಿದ್ಧಪಡಿಸಬಹುದು. ನಿವೃತ್ತಿಯ ನಂತರ ಒಂದು ಪೂರ್ಣ ಹಂಗಾಮು ಸಂಬಳದ ಮೇಲೆ ದುಡಿಸಿಕೊಳ್ಳಲಿ. ಗಂಟಿನ ಹಣವನ್ನು ಅಲ್ಲಿಯವರೆಗೆ ಬ್ಯಾಂಕಿನಿಂದ ತೆಗೆಯಬಾರದೆಂಬುದೇ ಮೊದಲ ಷರತ್ತಾಗಿರಲಿ. ಸ್ವಂತ ಉದ್ದಿಮೆಗೆ ಮುಂದಾದವನಿಗೆ ಬ್ಯಾಂಕಿನ ದಾರಿಯೂ ಇದೆ: ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮಗಳು ಮಾಜಿ ಸೈನಿಕರನ್ನು ವಿಶೇಷ ವರ್ಗಕ್ಕೆ ಸೇರಿಸಿ, ಸ್ವಂತ ಬಂಡವಾಳವನ್ನು ಶೇ. 5ಕ್ಕೆ ಇಳಿಸಿ, ಗ್ರಾಮೀಣ ಘಟಕಕ್ಕೆ ಶೇ. 35ರ ಸಹಾಯಧನವನ್ನು ನಿಗದಿಪಡಿಸಿದವು.

ಕೆಲಸ ಕಲಿತವನು ನಾಳೆ ಎದುರಂಗಡಿ ತೆರೆಯುವನೆಂಬ ಅಳುಕು ಸಹಜವೇ. ಕೆಲವರು ತೆರೆಯುತ್ತಾರೆ. ಆದರೆ ಇಂದಿನ ಅನೇಕ ಅಂಗಡಿಗಳು ಹಿಂದೊಮ್ಮೆ ಇನ್ನೊಬ್ಬರ ಗುಮಾಸ್ತರಾಗಿದ್ದವರದೇ ಅಲ್ಲವೇ? ನಿಜವಾದ ತೊಡಕು ಬೇರೆಡೆಯಿದೆ. ಆಜ್ಞೆ ಕೊಟ್ಟು, ಆಜ್ಞೆ ಪಾಲಿಸಿ ಬಂದವನಿಗೆ ಹಮಾಲರೊಡನೆ ನಯವಾಗಿ ಮಾತನಾಡುವುದು, ರೈತನೊಡನೆ ಚೌಕಾಶಿ ಮಾಡುವುದು, ಇಪ್ಪತ್ತೈದರ ಮಾಲೀಕನ ಮಗನಿಂದ ತಿದ್ದಿಸಿಕೊಳ್ಳುವುದು ಸುಲಭವಲ್ಲ. ಎಲ್ಲರೂ ಇದಕ್ಕೆ ಒಗ್ಗುವುದಿಲ್ಲ. ಒಗ್ಗದವನಿಗೆ ಹಣ ಕಳೆದುಕೊಳ್ಳುವ ಮುನ್ನವೇ ಅದು ತಿಳಿದರೆ ಅದೂ ಲಾಭವೇ.

ಈ ಪ್ರಶ್ನೆ ಇನ್ನು ಮುಂದೆ ನಲವತ್ತರ ಹವಾಲ್ದಾರನದು ಮಾತ್ರವಾಗಿ ಉಳಿಯುವುದಿಲ್ಲ. 2022ರ ಜೂನ್‌ನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷಗಳ ಸೇವೆಯ ನಂತರ ಶೇ. 25ರವರೆಗಿನವರನ್ನು ಮಾತ್ರ ಉಳಿಸಿಕೊಂಡು, ಮಿಕ್ಕವರನ್ನು ಪಿಂಚಣಿಯಿಲ್ಲದೆ, ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ ಕಳುಹಿಸಬೇಕೆಂದು ಗೊತ್ತುಪಡಿಸಲಾಯಿತು. ಮೊದಲ ತಂಡದ ನಾಲ್ಕು ವರ್ಷಗಳು ತುಂಬುವುದು 2026–27ರಲ್ಲಿ. ಇಪ್ಪತ್ತೆರಡು, ಇಪ್ಪತ್ತಮೂರರ ತರುಣನ ಕೈಯಲ್ಲಿ ಹನ್ನೊಂದು ಲಕ್ಷ ರೂಪಾಯಿ ಇರುವಾಗ ಸಲಹೆ ಕೊಡಲು ಬರುವವರೆಲ್ಲ ವರ್ತಕರೇ ಆಗಿರುವುದಿಲ್ಲ.

ಮೆಣಸಿನಕಾಯಿಯ ಆವಕ ಡಿಸೆಂಬರ್ ಸುಮಾರಿಗೆ ಏರತೊಡಗುತ್ತದೆ. ಕಲಿಸಲು ಒಪ್ಪುವ ಅಂಗಡಿಗಳ ಹೆಸರುಗಳು ಅದಕ್ಕೂ ಮೊದಲು, ದೀಪಾವಳಿಗೆ ಹೊಸ ಖಾತೆ ಪುಸ್ತಕಗಳ ಪೂಜೆಯಾಗುವ ಹೊತ್ತಿಗೆ ಗೊತ್ತಾಗಿದ್ದರೆ, ರಜೆಗೆ ಅರ್ಜಿ ಹಾಕುವವರಿಗೆ ಅನುಕೂಲವಾಗುತ್ತದೆ.